ಯಮುನಮ್ಮನ ಪಥ್ಯ

ಹಿರೇಕೊಡಿಗೆಯ ಯಮುನಮ್ಮನ ಕೈಗುಣ ದೊಡ್ಡದು, ಬಾಯಿ ಅದಕ್ಕಿಂತ ದೊಡ್ಡದು ಎಂದು ಊರವರು ಹೇಳುತ್ತಿದ್ದರು. ಎರಡೂ ಸುಳ್ಳಲ್ಲ. ಮೊಡವೆ, ಕಜ್ಜಿ, ಇಸುಬು, ಮಕ್ಕಳ ತಲೆಯ ಹುಣ್ಣು, ಹೆಂಗಸರ ಕೆನ್ನೆಯ ಬಂಗು, ಹೀಗೆ ಚರ್ಮದ ಮೇಲೆ ಏನೇ ಕಾಣಿಸಿಕೊಂಡರೂ ಕೊಪ್ಪದ ಸುತ್ತಿನವರು ಮೊದಲು ಅವಳ ಜಗಲಿ ಹತ್ತುತ್ತಿದ್ದರು. ಅಲ್ಲಿ ಗುಣವಾಗದಿದ್ದರೆ ಆಮೇಲೆ ಡಾಕ್ಟರು, ಅಲ್ಲೂ ಆಗದಿದ್ದರೆ ದೇವರು. ಮದ್ದಿಗೆ ಅವಳು ದುಡ್ಡು ಮುಟ್ಟುತ್ತಿರಲಿಲ್ಲ. ಎಲೆಯಡಿಕೆಯ ಜೊತೆಗೊಂದು ತೆಂಗಿನಕಾಯಿ ಇಟ್ಟರೆ ಸಾಕು. ಅತ್ತೆಯಿಂದ ಬಂದ ಮದ್ದು, ಅತ್ತೆ ಹಾಕಿಕೊಟ್ಟ ಕಟ್ಟಳೆ.

ಬಂದವರ ಚರ್ಮ ನೋಡುವ ಮೊದಲೇ ಅವಳು ಅವರ ಊಟದ ಲೆಕ್ಕ ಕೇಳುತ್ತಿದ್ದಳು. "ಮೊನ್ನೆಯಿಂದ ಎಂತೆಂತ ತಿಂದಿದ್ದೀಯ, ಒಂದೂ ಬಿಡದಂಗೆ ಹೇಳು." ಹೇಳುವಾಗ ಯಾರಾದರೂ ತಡವರಿಸಿದರೆ ಅವರ ಕಥೆ ಮುಗಿಯಿತು. "ನನ್ ಹತ್ರ ಸುಳ್ಳು ಹೇಳ್ಬೌದು, ಚರ್ಮ ಸುಳ್ಳು ಹೇಳದಿಲ್ಲ ಮಾರಾಯ್ತಿ. ಚರ್ಮ ಅಂದ್ರೆ ಅಡುಗೆಮನೆ ಗೋಡೆ ಇದ್ದಂಗೆ. ಒಳಗೆ ಎಂತ ಬೇಯ್ಸಿದ್ರೂ ಮಸಿ ಅಲ್ಲಿಗೇ ಬಂದು ಹಿಡಿಯದು" ಎನ್ನುತ್ತಿದ್ದಳು.

ಆ ಮಸಿಗೆ ಈ ಕಡೆಯವರು ನಂಜು ಎನ್ನುತ್ತಾರೆ. ತಿಂದದ್ದು ಮೈಗೆ ಒಗ್ಗದೆ ರಕ್ತಕ್ಕೆ ಸೇರಿ, ಅಲ್ಲಿಂದ ಚರ್ಮದ ಮೇಲೆ ಬಂದು ಕೂರುವುದು ನಂಜು. ಏಡಿ ನಂಜು, ಮೀನು ನಂಜು, ಕಳಲೆ ನಂಜು, ಬದನೆ ನಂಜು, ಹಲಸಿನ ಹಣ್ಣಂತೂ ಕೇಳುವುದೇ ಬೇಡ. ನಾಲಿಗೆ ಚಪ್ಪರಿಸಿ ತಿನ್ನುವಂಥದ್ದು ಏನಿದೆಯೋ ಅದೆಲ್ಲ ಯಮುನಮ್ಮನ ಬಾಯಲ್ಲಿ ನಂಜೇ ಆಗಿತ್ತು. ಸೊಗದೆ ಬೇರಿನ ಕಷಾಯ ಕೊಟ್ಟು, ಹಚ್ಚಲು ಎಣ್ಣೆ ಕೊಟ್ಟು, ನಲವತ್ತೆಂಟು ದಿನ ಪಥ್ಯ ಹೇಳುತ್ತಿದ್ದಳು. ಹಳೆ ಅಕ್ಕಿಯ ಗಂಜಿ, ಹೆಸರುಕಾಳು, ಮಜ್ಜಿಗೆ, ಒಂದೆಲಗದ ತಂಬುಳಿ, ಪಡುವಲಕಾಯಿ. ಉಪ್ಪು ಬೆರಳ ತುದಿಯಷ್ಟು, ಹುಳಿ ಇಲ್ಲವೇ ಇಲ್ಲ.

ಪಥ್ಯ ಮುಗಿದ ದಿನ ಒಂದು ಕಟ್ಟಳೆಯಿತ್ತು. ಪಥ್ಯ ಕೊಟ್ಟವರೇ ಪಥ್ಯ ಬಿಡಿಸಬೇಕು. ಗುಣವಾದವರು ನಲವತ್ತೊಂಬತ್ತನೆಯ ದಿನ ಮನೆಯಿಂದಲೇ ಮೀನಿನದ್ದೋ ಕೋಳಿಯದ್ದೋ ಸಾರು ಮಾಡಿ ತರುತ್ತಿದ್ದರು. ಯಮುನಮ್ಮ ಅದನ್ನು ಅನ್ನಕ್ಕೆ ಕಲಸಿ, ಮೊದಲ ತುತ್ತನ್ನು ತನ್ನ ಕೈಯಿಂದಲೇ ಅವರ ಬಾಯಿಗೆ ಇಡುತ್ತಿದ್ದಳು. ಆ ತುತ್ತು ಬೀಳದೆ ತಾವಾಗಿಯೇ ತಿಂದರೆ ನಂಜು ದುಪ್ಪಟ್ಟಾಗಿ ಏರುತ್ತದೆ ಎಂಬ ಹೆದರಿಕೆ. ಮೀಸೆ ಬಂದ ಗಂಡಸರು ಅವಳ ಮುಂದೆ ಕೂಸಿನಂತೆ ಬಾಯಿ ತೆರೆದು ಕೂರುತ್ತಿದ್ದರು.

ಬಾಳಗಡಿಯ ಕಾಲೇಜಿಗೆ ಹೋಗುವ ಅರ್ಪಣಾ ಎಂಬ ಹುಡುಗಿ ಒಮ್ಮೆ ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡು ಬಂದಿದ್ದಳು. ಮುಖದ ತುಂಬ ಕೀವಿನ ಮೊಡವೆ. ಅಂಗಡಿಯಲ್ಲಿ ಸಿಕ್ಕಿದ ಕ್ರೀಮುಗಳನ್ನೆಲ್ಲ ಹಚ್ಚಿ ಮುಗಿಸಿದ್ದಳು. ಯಮುನಮ್ಮ ಕೇಳುತ್ತ ಹೋದ ಹಾಗೆ ಒಂದೊಂದೇ ಹೊರಬಿತ್ತು. ಬಸ್ಸು ತಪ್ಪುತ್ತದೆಂದು ಬೆಳಿಗ್ಗೆ ತಿಂಡಿಯಿಲ್ಲ, ಹನ್ನೊಂದಕ್ಕೆ ಬೇಕರಿಯ ಪಫ್ಸು, ಸಂಜೆ ಗೋಬಿ ಮಂಚೂರಿ, ನಡುವೆ ಬಣ್ಣದ ನೀರಿನ ಬಾಟಲಿ.

"ನಿನ್ ಮನೇಲಿ ಅಡುಗೆ ಮಾಡದಿಲ್ವನೇ?"

"ಮಾಡ್ತಾರೆ. ರೊಟ್ಟಿ, ಚಟ್ನಿ."

"ರೊಟ್ಟಿ ಕಹಿ ಆಯ್ತಾ ನಿಂಗೆ? ಆ ಬೇಕರಿಯವ್ನು ಎಣ್ಣೆ ಚೆಲ್ಲಿ ಎಷ್ಟು ದಿನ ಆಯ್ತು ಅಂತ ಕೇಳಿದ್ಯಾ? ನಿನ್ ಮುಖದ ಮ್ಯಾಲೆ ಕುದೀತಿರದು ಅದೇ ಎಣ್ಣೆ."

ಹುಡುಗಿ ಅತ್ತಳು. ಅತ್ತ ಮೇಲೆ ಪಥ್ಯ ಮಾಡಿದಳು. ಎರಡು ತಿಂಗಳಲ್ಲಿ ಮುಖ ತೊಳೆದಿಟ್ಟ ಹಾಗಾಯಿತು. ಸೊಗದೆ ಬೇರಿನಿಂದ ಆಯಿತೋ, ಕ್ರೀಮು ಬಿಟ್ಟದ್ದರಿಂದ ಆಯಿತೋ, ಗೋಬಿಯನ್ನು ಬಿಟ್ಟು ಮಜ್ಜಿಗೆ ಹಿಡಿದದ್ದರಿಂದ ಆಯಿತೋ, ನನ್ನನ್ನು ಕೇಳಿದರೆ ಮೂರಕ್ಕೂ ಸ್ವಲ್ಪ ಸ್ವಲ್ಪ ಪಾಲು ಕೊಡುತ್ತೇನೆ. ಯಮುನಮ್ಮ ಪೂರ್ತಿ ಪಾಲನ್ನು ತನ್ನ ಕೈಗೇ ಕೊಟ್ಟುಕೊಂಡಳು. ಹತ್ತರಲ್ಲಿ ಎಂಟು ಮಂದಿಗೆ ಗುಣವಾದರೆ ಯಾರಿಗಾದರೂ ಹಾಗೆ ಅನ್ನಿಸುತ್ತದೆ. ಅವಳ ಕೇಡು ಶುರುವಾದದ್ದು ಆ ಎಂಟು ಮಂದಿಯಿಂದಲೇ.

ಎರಡು ಸಾವಿರದ ಒಂದನೆಯ ಇಸವಿಯಲ್ಲಿ ಅವಳ ಬಲಗೈಯ ಮೊಣಕೈ ಕೆಳಗೆ ಒಂದು ಮಚ್ಚೆ ಕಾಣಿಸಿಕೊಂಡಿತ್ತು. ಎಂಟಾಣೆಯಷ್ಟಗಲ, ಸುತ್ತಲಿನ ಚರ್ಮಕ್ಕಿಂತ ಸ್ವಲ್ಪ ಬಿಳಿಚು. ತುರಿಕೆಯಿಲ್ಲ, ಉರಿಯಿಲ್ಲ, ನೀರು ಒಸರುವುದಿಲ್ಲ. ಆಗ ಅವಳಿಗೆ ನಲವತ್ತಾರು. ನಂಜಿನ ಮದ್ದು ಕೊಡುವವಳ ಮೈಮೇಲೇ ನಂಜು ಬಂದಿದೆ ಎಂದರೆ ಜನ ಏನೆಂದಾರು ಎಂದು ಉದ್ದ ತೋಳಿನ ರವಿಕೆ ಹೊಲಿಸಿಕೊಂಡಳು. ಗಂಡ ಕೃಷ್ಣಪ್ಪನಿಗೂ ಸರಿಯಾಗಿ ಹೇಳಲಿಲ್ಲ. ತಾನೇ ಎಣ್ಣೆ ಹಚ್ಚಿಕೊಂಡಳು, ತಾನೇ ಪಥ್ಯ ಹಿಡಿದಳು.

ನಲವತ್ತೆಂಟು ದಿನ ಕಳೆಯಿತು. ಮಚ್ಚೆ ಹೋಗಲಿಲ್ಲ. ಆದರೆ ತುರಿಸಲೂ ಇಲ್ಲ. ಯಮುನಮ್ಮನ ವೈದ್ಯದಲ್ಲಿ ತುರಿಕೆ ನಿಂತರೆ ನಂಜು ಇಳಿಯಿತು ಎಂದೇ ಅರ್ಥ. ಬಣ್ಣ ಆಮೇಲೆ ನಿಧಾನಕ್ಕೆ ಕೂಡಿಕೊಳ್ಳುತ್ತದೆ. ಹಾಗಾಗಿ ಪಥ್ಯ ಸರಿಯಾದ ದಾರಿಯಲ್ಲೇ ಇದೆ ಎಂದುಕೊಂಡಳು. ಇನ್ನು ಅದನ್ನು ಬಿಡಿಸಬೇಕಿತ್ತು. ಬಿಡಿಸುವವರು ಯಾರು? ಮದ್ದು ಕಲಿಸಿದ ಅತ್ತೆ ತೀರಿಹೋಗಿ ಒಂಬತ್ತು ವರ್ಷವಾಗಿತ್ತು. ಊರಿಗೆಲ್ಲ ತುತ್ತಿಟ್ಟವಳಿಗೆ ತುತ್ತಿಡುವ ಕೈ ಇರಲಿಲ್ಲ. ಇನ್ನೊಂದು ನಲವತ್ತೆಂಟು ದಿನ ಆಗಲಿ, ಮಚ್ಚೆ ಪೂರ್ತಿ ಹೋಗಲಿ ಎಂದು ಮುಂದುವರಿಸಿದಳು.

ಆ ನಡುವೆ ಒಂದು ತಪ್ಪು ನಡೆಯಿತು. ಕೆರೆಕಟ್ಟೆಯ ತಮ್ಮನ ಮನೆಗೆ ಹೋದಾಗ ನಾದಿನಿ ಏಡಿ ಸಾರು ಮಾಡಿದ್ದಳು. ಬೆಂಕಿಯ ಮೇಲೆ ಕುದಿಯುವಾಗಲೇ ವಾಸನೆ ಜಗಲಿಗೆ ಬಂತು. ಎಲ್ಲರ ಜೊತೆ ಕೂತಾಗ ಯಮುನಮ್ಮನಿಗೆ ತಡೆಯಲಾಗಲಿಲ್ಲ. ಒಂದು ಏಡಿ, ಒಂದೇ ಒಂದು, ಕಾಲು ಮುರಿದು ಹೀರಿ ತಿಂದಳು. ಮನೆಗೆ ಬಂದು ಒಂದು ತಿಂಗಳಲ್ಲಿ ಮಚ್ಚೆ ಅಂಗೈಯಗಲ ಆಗಿತ್ತು, ಎಡಗೈಯಲ್ಲಿ ಇನ್ನೊಂದು ಎದ್ದಿತ್ತು. ಅವತ್ತಿನಿಂದ ಅವಳು ಗಂಜಿ ಬಿಟ್ಟು ಬೇರೆ ಮುಟ್ಟಲಿಲ್ಲ. ಉಪ್ಪನ್ನೂ ಬಿಟ್ಟಳು.

ಆರು ವರ್ಷ. ಹೇಳುವುದಕ್ಕೆ ಎರಡು ಪದ, ತಿನ್ನದೆ ಇರುವುದಕ್ಕೆ ಎಷ್ಟು ಹೊತ್ತಿನ ಊಟ ಎಂದು ನೀವೇ ಎಣಿಸಿಕೊಳ್ಳಿ. ಮನೆಯಲ್ಲಿ ಮೀನು ತಂದರೆ ಹೆಚ್ಚುವವಳು ಅವಳೇ, ಸಾರು ಮಾಡುವವಳು ಅವಳೇ. ಉಪ್ಪನ್ನು ಆವಿಯ ವಾಸನೆಯಲ್ಲೇ ಅಂದಾಜು ಮಾಡುತ್ತಿದ್ದಳು, ಒಂದು ದಿನವೂ ಹೆಚ್ಚುಕಡಿಮೆ ಆಗುತ್ತಿರಲಿಲ್ಲ. ಎಲ್ಲರಿಗೂ ಬಡಿಸಿ, ಮೂಲೆಯಲ್ಲಿ ಕೂತು, ಸಪ್ಪೆ ಗಂಜಿ ಸುರಿದುಕೊಳ್ಳುತ್ತಿದ್ದಳು.

"ಒಂದು ತುಂಡು ತಿನ್ನೆ ಮಾರಾಯ್ತಿ, ಎಂತ ಪ್ರಪಂಚ ಮುಳುಗದಿಲ್ಲ" ಎಂದು ಕೃಷ್ಣಪ್ಪ ಒಮ್ಮೊಮ್ಮೆ ಹೇಳುತ್ತಿದ್ದ.

"ನಿಮ್ಗೆಂತ ಗೊತ್ತು" ಎನ್ನುತ್ತಿದ್ದಳು. ಮೈ ಇಳಿದುಹೋಗಿ ಕುತ್ತಿಗೆಯ ಎಲುಬು ಎದ್ದಿತ್ತು. ಮೆಟ್ಟಿಲು ಹತ್ತಿದರೆ ಉಬ್ಬಸ ಬರುತ್ತಿತ್ತು. ನಂಜು ಕರಗುವಾಗ ಮೈ ಕರಗಲೇಬೇಕು ಎಂಬುದು ಅವಳ ಸಮಾಧಾನ.

ಇದೇ ಆರು ವರ್ಷದಲ್ಲಿ ಅವಳ ಹೆಸರು ಶೃಂಗೇರಿ, ನರಸಿಂಹರಾಜಪುರದವರೆಗೂ ಹೋಯಿತು. ಅದಕ್ಕೆ ಕಾರಣ ಒಂದು ಬಾಣಲೆ. ಒಂದು ದಿನ ಜಗಲಿಯ ತುಂಬ ಜನ ಕೂತಿದ್ದಾಗ ಒಲೆಯ ಮೇಲಿನ ಮದ್ದಿನ ಎಣ್ಣೆ ಉಕ್ಕಿ ಬಂತು. ಯಮುನಮ್ಮ ಓಡಿಹೋಗಿ, ಮಸಿಬಟ್ಟೆಯನ್ನೂ ಹಿಡಿಯದೆ, ಕಬ್ಬಿಣದ ಬಾಣಲೆಯ ಎರಡೂ ಕಿವಿಗಳನ್ನು ಬರಿಗೈಯಲ್ಲಿ ಎತ್ತಿ ಕೆಳಗಿಟ್ಟಳು. ಒಂದು ಸಲ ಕೈ ಕೊಡವಲಿಲ್ಲ, ಸ್ಸ್ ಎನ್ನಲಿಲ್ಲ. ನೋಡಿದವರು ಬಾಯಿ ಬಿಟ್ಟುಕೊಂಡು ಕೂತರು. "ಆ ಕೈನ ಬೆಂಕಿ ಸುಡದಿಲ್ಲ ಕಣ್ರೀ" ಎಂದು ಮಾತು ಹಬ್ಬಿತು. ಅವಳಿಗೂ ಮೊದಲು ಗಾಬರಿಯೇ ಆಗಿತ್ತು. ಆಮೇಲೆ ನಾಲ್ಕು ಜನ ಹೇಳಿದ್ದನ್ನು ನಂಬಿದಳು. ಇಷ್ಟು ವರ್ಷ ಬಾಯಿ ಕಟ್ಟಿದ್ದಕ್ಕೆ ದೇವರು ಕೈಗೆ ಕೊಟ್ಟ ಫಲ ಎಂದುಕೊಂಡಳು. ಜನ ನೋಡಲಿ ಎಂದೇ ಆಮೇಲಾಮೇಲೆ ಬಾಣಲೆಯನ್ನು ಬರಿಗೈಯಲ್ಲಿ ಇಳಿಸುತ್ತಿದ್ದಳು.

ಮಗ ನವೀನನ ಕೈಹಿಡಿದು ಸೊಸೆ ಭವ್ಯ ಈ ಮನೆಗೆ ಬಂದದ್ದು ಎರಡು ಸಾವಿರದ ನಾಲ್ಕರಲ್ಲಿ. ಪಿಯುಸಿ ಓದಿದ, ಕಡಿಮೆ ಮಾತಿನ ಹುಡುಗಿ. ಒಂದು ಸಂಜೆ ಅತ್ತೆಗೆ ಬಳೆ ತೊಡಿಸುವಾಗ ಅವಳು ಬೆರಳುಗಳ ಒಳಬದಿ ನೋಡಿದಳು. ದೊಡ್ಡ ಬೊಬ್ಬೆಗಳು, ಒಂದು ಒಡೆದು ಹಸಿಯಾಗಿತ್ತು.

"ಅತ್ತೆ, ಇದು ಸುಟ್ಟಿದ್ದಲ್ವಾ? ನೋವಾಗಲ್ವಾ?"

"ಇಲ್ಲ."

"ಸುಟ್ಟಿದ್ದು ಸುಟ್ಟಿದೆ. ನೋವು ಯಾಕಾಗ್ತಿಲ್ಲ? ಒಂದ್ಸಲ ಕೊಪ್ಪದ ಆಸ್ಪತ್ರೇಲಿ ತೋರ್ಸಣ."

ಯಮುನಮ್ಮ ಕೈ ಎಳೆದುಕೊಂಡಳು. "ನಾನು ಆಸ್ಪತ್ರೆ ಮೆಟ್ಲು ಹತ್ತಿದ್ರೆ ನಾಳೆ ಈ ಜಗಲಿಗೆ ಯಾರು ಬರ್ತಾರೆ? ಇನ್ನೊಂದ್ಸಲ ಈ ಮಾತು ಎತ್ಬೇಡ. ನವೀನನ ಹತ್ರಾನೂ ಹೇಳ್ಬೇಡ."

ಭವ್ಯ ಎತ್ತಲಿಲ್ಲ. ಗಂಡನಿಗೂ ಹೇಳಲಿಲ್ಲ. ಹೊಸದಾಗಿ ಬಂದ ಸೊಸೆ, ಅತ್ತೆ ಬಾಯಿ ಮುಚ್ಚು ಎಂದರೆ ಮುಚ್ಚುವುದು ಮರ್ಯಾದೆ. ಆ ಮರ್ಯಾದೆಯಿಂದ ಮೂರು ವರ್ಷ ಹೋಯಿತು.

ಭವ್ಯ ಬಂದ ಮರುವರ್ಷ ಪಕ್ಕದ ಮನೆಯ ಸೀತಕ್ಕ ತನ್ನ ಮಗ ಪ್ರದೀಪನನ್ನು ಕರೆತಂದಳು. ಸೀತಕ್ಕನೂ ಯಮುನಮ್ಮನೂ ಇಪ್ಪತ್ತೈದು ವರ್ಷದಿಂದ ಬೇಲಿಯ ಮೇಲೆ ಸಾರು, ಚಟ್ನಿ, ಜಗಳ ಎಲ್ಲ ದಾಟಿಸಿಕೊಂಡವರು. ಪ್ರದೀಪನ ಬೆನ್ನಿನ ಮೇಲೆ, ಹೆಗಲಿನ ಕೆಳಗೆ, ಬಿಳಿಚು ಮಚ್ಚೆಯೊಂದು ಎದ್ದಿತ್ತು. ತುರಿಕೆ ಇಲ್ಲ ಎಂದ. ಯಮುನಮ್ಮ ಪಥ್ಯ ಕೊಟ್ಟಳು, ಅವನು ನಿಯತ್ತಿನಿಂದ ಮಾಡಿದ. ನಲವತ್ತೊಂಬತ್ತನೆಯ ದಿನ ಕೇಳಿದಳು, "ತುರಿಕೆ ಇದ್ಯಾ?" ಇಲ್ಲವೇ ಇಲ್ಲ ಎಂದ. ಮೊದಲೂ ಇರಲಿಲ್ಲ ಎಂಬುದು ಅವನಿಗೂ ನೆನಪಾಗಲಿಲ್ಲ, ಅವಳಿಗೂ ನೆನಪಾಗಲಿಲ್ಲ. ನಂಜು ಇಳೀತು ಎಂದು ಹೇಳಿ ಮೀನಿನ ತುತ್ತು ಇಟ್ಟು ಕಳಿಸಿದಳು. ಸೀತಕ್ಕ ಸಂತೋಷಕ್ಕೆ ಒಂದು ಗೊನೆ ಬಾಳೆಹಣ್ಣು ತಂದಿಟ್ಟಳು.

ಎರಡು ಸಾವಿರದ ಏಳರ ಬೇಸಿಗೆಗೆ ಯಮುನಮ್ಮನ ಬಲಗೈಯ ಕಿರುಬೆರಳು, ಅದರ ಪಕ್ಕದ ಬೆರಳು ಎರಡೂ ಒಳಕ್ಕೆ ಬಾಗಿದ್ದವು. ನೆಟ್ಟಗೆ ಮಾಡಲು ಹೋದರೆ ಆಗುತ್ತಿರಲಿಲ್ಲ. ರವಿಕೆಯ ಗುಂಡಿ ಹಾಕಲು ಕನ್ನಡಿ ಬೇಕಾಗುತ್ತಿತ್ತು. ಅನ್ನದ ಸೌಟು ಎಷ್ಟೋ ಸಲ ಕೈಯಿಂದ ಜಾರಿ ಬಿದ್ದ ಮೇಲೇ ಗೊತ್ತಾಗುತ್ತಿತ್ತು. ವಾಯು ಎಂದಳು. ಬೇರೆ ಎಣ್ಣೆ ಕಾಯಿಸಿದಳು. ಜಗಲಿಗೆ ಬಂದವರಿಗೆ ಎಡಗೈಯಲ್ಲಿ ಮದ್ದು ಕೊಡುವ ಹಾಗಿಲ್ಲವಲ್ಲ, ಬಾಗಿದ ಬೆರಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಕೊಡುತ್ತಿದ್ದಳು.

ಆ ಬೇಸಿಗೆಯಲ್ಲೇ ಆರೋಗ್ಯ ಇಲಾಖೆಯ ಮಲ್ಲೇಶಪ್ಪ ಮನೆ ಮನೆ ಸುತ್ತುತ್ತ ಬಂದ. ಬಯಲುಸೀಮೆಯವನು, ಈ ಕಡೆಗೆ ವರ್ಗವಾಗಿ ಬಂದು ವರ್ಷವಾಗಿತ್ತು. ಜ್ವರ ಯಾರಿಗಿದೆ, ಮೈಮೇಲೆ ಮಚ್ಚೆ ಯಾರಿಗಿದೆ ಎಂದು ಕೇಳಿ ಬರೆದುಕೊಳ್ಳುವುದು ಅವನ ಕೆಲಸ. ಯಮುನಮ್ಮ ಯಾರಿಗೂ ಇಲ್ಲ ಎಂದು ಹೇಳಿ ನೀರು ಬೆಲ್ಲ ಕೊಟ್ಟಳು. ಲೋಟ ಹಿಡಿದ ಕೈಯ ಬೆರಳುಗಳ ಮೇಲೆ ಅವನ ಕಣ್ಣು ನಿಂತಿತು.

"ಅಮ್ಮಾರೇ, ಆ ತೋಳು ಒಂಚೂರು ಮ್ಯಾಲೆ ಮಾಡ್ರಿ."

ಅವಳು ಇಲ್ಲ ಎನ್ನುವ ಮೊದಲೇ ಬಾಗಿಲಲ್ಲಿ ನಿಂತಿದ್ದ ಭವ್ಯ ಹೇಳಿದಳು. "ಎರಡೂ ಕೈಯಲ್ಲಿದೆ. ನೋಡಿ." ಮೂರು ವರ್ಷ ನುಂಗಿದ್ದ ಮಾತು ಅದು. ಯಮುನಮ್ಮ ಸೊಸೆಯನ್ನು ತಿನ್ನುವ ಹಾಗೆ ನೋಡಿದಳು, ಆದರೆ ಹೊರಗಿನವರ ಮುಂದೆ ಬಯ್ಯಲಾಗದೆ ತೋಳು ಮೇಲೆ ಮಾಡಿದಳು.

ಮಲ್ಲೇಶಪ್ಪ ಜೇಬಿನಿಂದ ಪೆನ್ನು ತೆಗೆದ. "ಕಣ್ಣು ಮುಚ್ಚಿಕಳ್ರಿ. ನಾನು ಎಲ್ಲಿ ಮುಟ್ಟತೀನೋ ಅಲ್ಲಿ ನಿಮ್ಮ ಬೆರಳು ಇಡಬೇಕು, ಅಷ್ಟೇ."

ಭುಜದ ಹತ್ತಿರ ಮುಟ್ಟಿದ. ತಟ್ಟನೆ ಬೆರಳಿಟ್ಟಳು. ಕುತ್ತಿಗೆಗೆ ಮುಟ್ಟಿದ, ಇಟ್ಟಳು. ಎಂಥ ಮಕ್ಕಳಾಟ ಎಂದು ಅವಳಿಗೆ ನಗುವೇ ಬಂತು. ಆಮೇಲೆ ಅವನು ಸುಮ್ಮನಾದ. ಅವಳು ಕಣ್ಣು ಮುಚ್ಚಿಕೊಂಡು ಕಾದಳು. ಒಲೆಯ ಮೇಲಿನ ಹಂಡೆಯ ನೀರು ಕುದಿಯುವುದು ಕೇಳುತ್ತಿತ್ತು.

"ಎಂತಕ್ಕೆ ಸುಮ್ನೆ ಕೂತ್ರಿ? ಮುಟ್ಟಿ" ಎಂದಳು.

ಕಣ್ಣು ಬಿಟ್ಟಾಗ ಅವನ ಪೆನ್ನಿನ ಮೊನೆ ಅವಳ ಮಚ್ಚೆಯ ನಡುವೆ ಊರಿತ್ತು. ಅಲ್ಲಿಂದ ಬೆರಳಿನವರೆಗೆ ಸಾಲಾಗಿ ನೀಲಿ ಚುಕ್ಕೆಗಳು. ಭವ್ಯ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು.

ಮರುದಿನ ಮಲ್ಲೇಶಪ್ಪನೇ ಕರೆದುಕೊಂಡು ಹೋದ ಕೊಪ್ಪದ ಆಸ್ಪತ್ರೆಯಲ್ಲಿ ಡಾಕ್ಟರು ಮೊಣಕೈಯ ಹಿಂದಿನ ನರ ಒತ್ತಿ ನೋಡಿ, ಚೀಟಿ ಬರೆದು, ಕುಷ್ಠ ಎಂದರು. ಈಗ ಇದಕ್ಕೆ ಹೆದರುವುದು ಬೇಡ, ಹನ್ನೆರಡು ತಿಂಗಳು ಮಾತ್ರೆ ನುಂಗಿದರೆ ಪೂರ್ತಿ ಗುಣವಾಗುತ್ತದೆ, ಮಾತ್ರೆ ಶುರುವಾದ ಮೇಲೆ ಯಾರಿಗೂ ಅಂಟುವುದಿಲ್ಲ ಎಂದು ಬಿಡಿಸಿ ಹೇಳಿದರು. ಸತ್ತುಹೋದ ಸ್ಪರ್ಶ ಮಾತ್ರ ತಿರುಗಿ ಬರುವುದು ಕಷ್ಟ ಎಂದರು. ಮೊದಲ ವರ್ಷವೇ ಬಂದಿದ್ದರೆ ಬೆರಳು ಉಳಿಯುತ್ತಿತ್ತು ಎಂಬುದನ್ನು ಅವರು ಹೇಳಲಿಲ್ಲ. ಯಮುನಮ್ಮ ಕೇಳಿಸಿಕೊಂಡಳೋ ಇಲ್ಲವೋ, ಹೊರಗೆ ಬಂದ ಮೇಲೆ ಮಲ್ಲೇಶಪ್ಪನನ್ನು ಬೇವಿನ ಮರದ ಹತ್ತಿರ ಕರೆದಳು.

"ಒಂದ್ಸಲ ಏಡಿ ತಿಂದಿದ್ದೆ" ಎಂದಳು. "ಪಥ್ಯದಲ್ಲಿದ್ದಾಗ. ಕೆರೆಕಟ್ಟೇಲಿ. ಯಾರಿಗೂ ಹೇಳಿಲ್ಲ."

ಅವನಿಗೆ ನಗು ಬಂತು. ಒಳ್ಳೆಯ ಮನುಷ್ಯ, ಸಮಾಧಾನ ಮಾಡಬೇಕೆಂದೇ ನಕ್ಕ. "ಏಡಿಗೂ ಇದಕ್ಕೂ ಏನ್ ಸಂಬಂಧ ಅಮ್ಮಾರೇ? ಇದು ಕ್ರಿಮಿಯಿಂದ ಬರೋದು. ನೀವು ಏಡಿ ತಿಂದ್ರೂ ಅಷ್ಟೇ, ಬಿಟ್ರೂ ಅಷ್ಟೇ. ಮೊಡವೆ ಗಿಡವೆಗೆ ಊಟ ನೋಡ್ಕೋಬೇಕು ಖರೆ. ಇದಕ್ಕೆ ಪಥ್ಯ ಇಲ್ಲ. ಮೀನು, ಮೊಟ್ಟೆ, ಸೊಪ್ಪು ಎಲ್ಲ ತಿನ್ರಿ. ನಿಮ್ಮ ಮೈಯಾಗ ರಕ್ತನೇ ಇಲ್ಲ."

"ಹಂಗಾರೆ ನಾನು ಆರು ವರ್ಷ ತಿನ್ದೆ ಇದ್ದಿದ್ದು?"

ಮಲ್ಲೇಶಪ್ಪ ರಸ್ತೆಯ ಕಡೆ ನೋಡಿದ. ಬಸ್ಸು ಬಂತು ಎಂದ. ತಪ್ಪು ಮಾಡಿದ್ದೇನೆ ಎಂದು ಆರು ವರ್ಷ ಕೊರಗಿದವಳಿಗೆ ನಿನ್ನದು ತಪ್ಪೇ ಅಲ್ಲ ಎಂದರೆ ಹಗುರಾಗಬೇಕಿತ್ತು. ಯಮುನಮ್ಮನಿಗೆ ಹಗುರಾಗಲಿಲ್ಲ. ತಪ್ಪಿಗೆ ಶಿಕ್ಷೆ ಆದರೆ ತಡೆದುಕೊಳ್ಳಬಹುದು, ಏನಕ್ಕೂ ಅಲ್ಲದ ಶಿಕ್ಷೆಯನ್ನು ಯಾರ ಮುಖಕ್ಕೆ ಎಸೆಯುವುದು?

ಬಸ್ಸಿನಲ್ಲಿ ಬರುವಾಗ ಅವಳಿಗೆ ಪ್ರದೀಪನ ಬೆನ್ನು ನೆನಪಾಯಿತು. ಹೇಳಿದರೆ ತನ್ನ ಸಂಗತಿ ಊರಿಗೆಲ್ಲ ಗೊತ್ತಾಗುತ್ತದೆ. ಜಗಲಿ, ಕೈಗುಣ, ಮೂವತ್ತು ವರ್ಷದ ಹೆಸರು ಎಲ್ಲ ಅಲ್ಲಿಗೆ ಮುಗಿಯುತ್ತದೆ. ಹೇಳದಿದ್ದರೆ ಆ ಹುಡುಗನ ಬೆರಳೂ ಬಾಗುತ್ತದೆ. ಎರಡು ದಿನ ಗಂಜಿಯನ್ನೂ ಕುಡಿಯದೆ ಮಲಗಿದ್ದಳು. ಮೂರನೆಯ ದಿನ ಮಾತ್ರೆ ಕೊಡಲು ಬಂದ ಮಲ್ಲೇಶಪ್ಪನಿಗೆ ಬೇಲಿಯಾಚೆಯ ಮನೆ ತೋರಿಸಿದಳು. "ಆ ಮನೆ ಹುಡುಗನ ಬೆನ್ನು ನೋಡಿ. ನಾನೇ ಹೇಳ್ದೆ ಅಂತ ಹೇಳ್ಬೇಡಿ."

ಅವನು ಹೇಳಲಿಲ್ಲ. ಆದರೆ ಹಿರೇಕೊಡಿಗೆಯಲ್ಲಿ ಅಷ್ಟು ಮನೆಗಳಿರುವಾಗ ಇಲಾಖೆಯವನು ನೆಟ್ಟಗೆ ಬಂದು ಹುಡುಗನ ಅಂಗಿ ಬಿಚ್ಚಿಸಿದರೆ ಯಾರು ತೋರಿಸಿದರು, ಅವನು ಯಮುನಮ್ಮನ ಮನೆಗೆ ಏಕೆ ಬರುತ್ತಾನೆ ಎಂದು ಊಹಿಸಲು ಜನ ಹೊಟ್ಟೆಗೆ ಅನ್ನ ತಿನ್ನುವವರೇ ಅಲ್ಲವೇ? ಪ್ರದೀಪನಿಗೆ ಅದೇ ಕಾಯಿಲೆ, ಆದರೆ ಒಂದೇ ಮಚ್ಚೆ. ಆರು ತಿಂಗಳ ಮಾತ್ರೆ ಸಾಕು, ಕೈಕಾಲಿಗೆ ಏನೂ ಆಗಿಲ್ಲ ಎಂದರು. ಅದಾದ ವಾರಕ್ಕೆ ನರಸಿಂಹರಾಜಪುರದ ಕಡೆಯಿಂದ ಅವನಿಗೆ ಬಂದಿದ್ದ ಹೆಣ್ಣಿನ ಸಂಬಂಧ ಮುರಿದುಬಿತ್ತು.

ಸೀತಕ್ಕ ಬೇಲಿ ದಾಟಿ ಅಂಗಳಕ್ಕೆ ಬಂದು ನಿಂತಳು. ಜಗಲಿಯಲ್ಲಿ ಮದ್ದಿಗೆ ಬಂದ ನಾಲ್ಕು ಜನ ಕೂತಿದ್ದರು. ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ಯಮುನಮ್ಮ ಎರಡರಷ್ಟು ಕೂಗಿ ಗೆಲ್ಲುತ್ತಿದ್ದಳು.

"ನಿನ್ನ ಕೈ ತುತ್ತು ತಿಂದ ನನ್ನ ಮಗ, ಯಮುನಕ್ಕ. ಬಾಯಿ ತೆಗ್ದು ತಿಂದ. ನಿಂಗೆ ದೊಡ್ಡರೋಗ ಇದ್ದಿದ್ದು ಗೊತ್ತಿದ್ದೂ ಇಟ್ಟೆ."

"ಗೊತ್ತಿರ್ಲಿಲ್ಲ ಸೀತಕ್ಕ. ನಂಜು ಅಂತ ಮಾಡಿದ್ದೆ. ನಾನೂ ಪಥ್ಯದಲ್ಲೇ ಇದ್ದೆ, ಆರು ವರ್ಷ."

"ಪಥ್ಯ." ಸೀತಕ್ಕ ನೆಲಕ್ಕೆ ಉಗಿದಳು. "ಊರಿಗೆಲ್ಲ ಗಂಜಿ ಕುಡ್ಸಿ, ನೀನು ಮರೇಲಿ ಕೂತು ಮೀನು ತಿಂದೆ. ಅದಕ್ಕೇ ಏರಿದೆ. ಪಥ್ಯ ಮಾಡಿದ್ದಿದ್ರೆ ಯಾಕೆ ಬರ್ತಿತ್ತು? ನೀನೇ ಹೇಳಿದ್ದಲ್ದ, ಚರ್ಮ ಸುಳ್ಳು ಹೇಳದಿಲ್ಲ ಅಂತ."

ಯಮುನಮ್ಮನ ದೊಡ್ಡ ಬಾಯಿ ಆ ದಿನ ತೆರೆಯಲಿಲ್ಲ. ಉಪ್ಪಿಲ್ಲದ ಗಂಜಿಗೆ ಸಾಕ್ಷಿ ಎಲ್ಲಿಂದ ತರುವುದು? ತಾನು ಮೂವತ್ತು ವರ್ಷ ಊರಿಗೆ ಪಾಠ ಹೇಳಿಕೊಟ್ಟಿದ್ದಳು, ಊರು ಚೆನ್ನಾಗಿ ಕಲಿತಿತ್ತು. ಜಗಲಿಯಲ್ಲಿದ್ದ ನಾಲ್ಕು ಜನ ಎದ್ದರು. ಒಬ್ಬಳು ಎಣ್ಣೆಯ ಬಾಟಲಿಯನ್ನು ಅಲ್ಲೇ ಕಟ್ಟೆಯ ಮೇಲೆ ಇಟ್ಟು ಹೋದಳು.

ಮಾತ್ರೆಗೆ ಮಚ್ಚೆ ಮಾಸಿತು. ಆದರೆ ಆ ಮಾತ್ರೆಯಲ್ಲಿ ಒಂದಕ್ಕೆ ಚರ್ಮವನ್ನು ಕಪ್ಪಾಗಿಸುವ ಗುಣವಿದೆ. ನಿಲ್ಲಿಸಿದ ಮೇಲೆ ನಿಧಾನಕ್ಕೆ ತಿಳಿಯಾಗುತ್ತದೆ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಊರಿಗೆ ಅದನ್ನು ಯಾರು ಹೇಳಬೇಕು? ನಾಲ್ಕೈದು ತಿಂಗಳಲ್ಲಿ ಯಮುನಮ್ಮನ ಮುಖ ಸುಟ್ಟ ಬದನೆಯ ಬಣ್ಣಕ್ಕೆ ತಿರುಗಿತು. ನೋಡಿದವರು ಇನ್ನೂ ತಿನ್ನುತ್ತಲೇ ಇದ್ದಾಳೆ ಎಂದರು. ಕೆಲವರು ತೀರ ಮರುಕದಿಂದ, ಇನ್ನಾದರೂ ಬಾಯಿ ಕಟ್ಟು ಎಂದು ಬುದ್ಧಿ ಹೇಳಿ ಹೋದರು.

ಪ್ರದೀಪ ಗುಣವಾದ. ಅವನ ಹತ್ತು ಬೆರಳೂ ನೆಟ್ಟಗಿವೆ. ಮುಂದಿನ ವರ್ಷ ಶೃಂಗೇರಿ ಕಡೆಯ ಹುಡುಗಿಯ ಜೊತೆ ಮದುವೆಯೂ ಆಯಿತು. ಬೇಲಿಯಾಚೆ ಚಪ್ಪರ ಹಾಕಿದರು, ಒಗ್ಗರಣೆಯ ವಾಸನೆ ಈಚೆಗೆ ಬಂತು, ಕರೆ ಮಾತ್ರ ಬರಲಿಲ್ಲ. ಆ ಹುಡುಗ ಒಂದು ದಿನ ರಸ್ತೆಯಲ್ಲಿ ಎದುರಾದಾಗ ನಿಂತು ಏನೋ ಹೇಳಲು ಹೊರಟ. ಹಿಂದೆ ತಾಯಿ ಬರುತ್ತಿದ್ದುದನ್ನು ನೋಡಿ ತಲೆ ಬಗ್ಗಿಸಿ ಹೋದ.

ಎರಡು ಸಾವಿರದ ಎಂಟರ ಮೇ ಕೊನೆಗೆ ಹನ್ನೆರಡು ತಿಂಗಳ ಮಾತ್ರೆ ಮುಗಿಯಿತು. ಕಾಯಿಲೆ ಪೂರ್ತಿ ಹೋಗಿದೆ, ಇನ್ನು ಚೆನ್ನಾಗಿ ಊಟ ಮಾಡಿ ಎಂದು ಡಾಕ್ಟರು ಬೆನ್ನು ತಟ್ಟಿ ಕಳಿಸಿದರು. ಜೂನಿನ ಮೊದಲ ಮಳೆಗೆ, ಹೊಸನೀರಿಗೆ ಎದುರಾಗಿ ಹತ್ತುವ ಹತ್ತುಮೀನು ಹಳ್ಳದಿಂದ ಗದ್ದೆಗೆ ಏರಿ ಬಂದವು. ಮಗ ನವೀನ ಒಂದು ಬುಟ್ಟಿ ಹಿಡಿದು ತಂದ. ಭವ್ಯ ಸಾರು ಮಾಡಿದಳು. ಗಂಡಸರ ಊಟ ಮುಗಿದ ಮೇಲೆ ಅತ್ತೆಗೆ ತಟ್ಟೆಯಲ್ಲಿ ಅನ್ನ ಹಾಕಿ, ಎರಡು ತುಂಡು ಮೀನು ಇಟ್ಟು, ಸಾರು ಸುರಿದು ಮುಂದಿಟ್ಟಳು.

ಯಮುನಮ್ಮ ತಟ್ಟೆಯನ್ನು ನೋಡುತ್ತ ಕೂತಳು. ಏಳು ವರ್ಷದ ಮೇಲೆ ತನ್ನ ತಟ್ಟೆಗೆ ಬಂದ ಮೀನು. ಡಾಕ್ಟರು ತಿನ್ನಿ ಎಂದಿದ್ದಾರೆ, ಸರಿ. ಆದರೆ ಪಥ್ಯವನ್ನು ಯಾರಾದರೂ ಬಿಡಿಸಬೇಕಲ್ಲ.

"ಭವ್ಯ, ಮೊದಲ್ನೇ ತುತ್ತು ನೀನೇ ಒಂದು ಬಾಯಿಗೆ ಇಡೆ" ಎಂದಳು. ಇಡೀ ಜನ್ಮದಲ್ಲಿ ಸೊಸೆಯ ಹತ್ತಿರ ಅವಳು ಏನನ್ನಾದರೂ ಬೇಡಿದ್ದು ಅದೊಂದೇ ಸಲ.

ಭವ್ಯ ಕೆಟ್ಟವಳಲ್ಲ. ವರ್ಷವಿಡೀ ಮಾತ್ರೆ ಒಂದನ್ನೂ ತಪ್ಪಿಸದೆ ಕೊಟ್ಟವಳು ಅವಳೇ, ಸುಟ್ಟ ಗಾಯಕ್ಕೆ ಬಟ್ಟೆ ಕಟ್ಟಿದವಳು ಅವಳೇ. ಅಂಟುವುದಿಲ್ಲ ಎಂದು ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವಳೂ ಅವಳೇ. ತಟ್ಟೆಯ ಕಡೆ ಬಗ್ಗಿದಳು, ಅನ್ನ ಮುಟ್ಟಿದಳು. ಅತ್ತೆಯ ತೆರೆದ ಬಾಯಿ ನೋಡಿದಳು. ಕೈ ಅಲ್ಲೇ ನಿಂತಿತು.

"ಮಗು ಎದ್ದಂಗಾಯ್ತು, ನೋಡ್ಕೊಂಡು ಬರ್ತೀನಿ ಅತ್ತೆ" ಎಂದು ಎದ್ದು ಹೋದಳು. ಭವ್ಯಳ ಮಗು ಜಗಲಿಯಲ್ಲಿ ಅಜ್ಜ ಕೃಷ್ಣಪ್ಪನ ಜೊತೆ ಆಡಿಕೊಂಡು ನಗುವುದು ಇಬ್ಬರಿಗೂ ಕೇಳುತ್ತಿತ್ತು.

ಯಮುನಮ್ಮ ಬಾಯಿ ಮುಚ್ಚಿಕೊಂಡಳು. ಆಮೇಲೆ ತಾನೇ ಅನ್ನ ಕಲಸಿದಳು. ಹಿಂದೆ ಅವಳು ಮೀನು ಬಿಡಿಸುವುದು ನೋಡಲು ಚೆಂದವಿತ್ತು. ಕತ್ತಲಲ್ಲಿ ಕೂತೂ ನವೀನನಿಗೆ ಒಂದು ಮುಳ್ಳು ಉಳಿಯದ ಹಾಗೆ ಬಿಡಿಸಿ ತಿನ್ನಿಸಿದವಳು. ಈಗ ಬಾಗಿದ ಬೆರಳುಗಳು ತುಂಡಿನ ಮೇಲೆ ಆಡಿದವು. ಮುಳ್ಳೂ ಸಿಗಲಿಲ್ಲ, ಮಾಂಸವೂ ಸಿಗಲಿಲ್ಲ, ಸಾರು ಬಿಸಿಯೋ ತಣ್ಣಗೋ ಅದೂ ತಿಳಿಯಲಿಲ್ಲ. ಆದದ್ದಾಗಲಿ ಎಂದು ಒಂದು ತುತ್ತು ಬಾಯಿಗೆ ಹಾಕಿಕೊಂಡಳು.

ಅಗಿದ ಎರಡನೇ ಸಲಕ್ಕೆ ಮುಳ್ಳು ವಸಡಿಗೆ ನೆಟ್ಟಿತು. ಕಣ್ಣಲ್ಲಿ ನೀರು ಬಂತು. ಬಾಯೊಳಗೆ ಕೈ ಹಾಕಿ ಎಳೆದಳು. ಎಳೆದದ್ದು ಬೆರಳ ನಡುವೆ ಇದೆಯೋ ಇಲ್ಲವೋ ಗೊತ್ತಾಗದೆ ಬೆಳಕಿಗೆ ಹಿಡಿದು ನೋಡಬೇಕಾಯಿತು. ಇತ್ತು. ತುದಿಯಲ್ಲಿ ಸ್ವಲ್ಪ ರಕ್ತ.

ಅದನ್ನು ತಟ್ಟೆಯ ಅಂಚಿಗೆ ಇಟ್ಟು, ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

"ಭವ್ಯ, ಗಂಜಿ ಇದ್ರೆ ಒಂದು ಲೋಟ ತಾ."

ಭವ್ಯ ಗಂಜಿ ತಂದಳು. ತಲೆ ಎತ್ತದೆ, ಉಪ್ಪಿನ ಡಬ್ಬಿಯನ್ನೂ ಪಕ್ಕದಲ್ಲಿಟ್ಟಳು.

"ಉಪ್ಪು ಬ್ಯಾಡ" ಎಂದಳು ಯಮುನಮ್ಮ.